ಹೊರೆ ಇಳಿಸುವ ಕಲ್ಲು: ಶರಣಾಗತಿ ಅಂದರೆ ನಿಜಕ್ಕೂ ಏನು?

ಪೇಪರ್ ಓದುವವರಿಗೆ ‘ಶರಣು’ ಎಂಬ ಪದ ಹೊಸದಲ್ಲ. ಆರೋಪಿ ಕೋರ್ಟಿಗೆ ಶರಣು. ನಕ್ಸಲರು ಸರ್ಕಾರಕ್ಕೆ ಶರಣು. ಓದಿದಾಗ ಎದೆ ಹಿಂಡುವ ಇನ್ನೊಂದು ತಲೆಬರಹವೂ ಇದೆ: ಸಾಲದಿಂದ ಬೇಸತ್ತ ರೈತ ನೇಣಿಗೆ ಶರಣು. ಹೀಗೆ ಬಳಸಿ ಬಳಸಿ, ಶರಣಾಗುವುದು ಅಂದರೆ ಕೈಚೆಲ್ಲುವುದು ಎಂಬ ಅರ್ಥ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಎಲ್ಲ ದಾರಿಯೂ ಮುಚ್ಚಿದ ಮೇಲೆ ಮಾಡುವ ಕೊನೆಯ ಕೆಲಸ ಅದು ಅಂದುಕೊಂಡಿದ್ದೇವೆ.

ಆದರೆ ಕಲಬುರಗಿ, ಬೀದರ್ ಕಡೆಯ ಹಿರಿಯರು ಎದುರಾದಾಗ ಕೈ ಮುಗಿದು ‘ಶರಣ್ರೀ’ ಅನ್ನುತ್ತಾರೆ. ‘ಶರಣು ಶರಣಾರ್ಥಿ’ ಅನ್ನುತ್ತಾರೆ. ಅಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಅದೊಂದು ಬೆಚ್ಚಗಿನ ನಮಸ್ಕಾರ ಅಷ್ಟೇ. ಒಂದೇ ಪದಕ್ಕೆ ಇಷ್ಟು ದೂರದ ಎರಡು ಅರ್ಥ ಹೇಗೆ ಬಂತು?

ಮೂಲಕ್ಕೆ ಹೋದರೆ ಗೊಂದಲ ಕರಗುತ್ತದೆ. ಸಂಸ್ಕೃತದಲ್ಲಿ ‘ಶರಣ’ ಅಂದರೆ ಆಸರೆ, ಕಾಪಾಡುವವನು. ಮನೆ ಎಂಬ ಅರ್ಥವೂ ಇದೆ. ‘ಆಗತಿ’ ಅಂದರೆ ಬರುವುದು. ಶರಣಾಗತಿ ಅಂದರೆ ಆಸರೆಗೆ ಬರುವುದು, ಮನೆ ಸೇರುವುದು. ಅಲ್ಲಿ ಆಯುಧ ಕೆಳಗಿಡುವ ಮಾತಿಲ್ಲ, ಸೋಲಿನ ಮಾತೂ ಇಲ್ಲ. ಮಳೆಯಲ್ಲಿ ನೆನೆಯುತ್ತಿರುವ ಮನುಷ್ಯ ಒಂದು ಸೂರಿನ ಕೆಳಗೆ ಬಂದು ನಿಂತ ಹಾಗೆ. ‘ಬುದ್ಧಂ ಶರಣಂ ಗಚ್ಛಾಮಿ’ ಎಂದು ಬೌದ್ಧರು ಮೂರು ಸಲ ಹೇಳುವುದೂ ಇದೇ ಅರ್ಥದಲ್ಲಿ. ಅಲ್ಲಿ ಸೃಷ್ಟಿಕರ್ತ ದೇವರ ಕಲ್ಪನೆಯೇ ಇಲ್ಲ, ಆದರೂ ಆಸರೆ ಇದೆ.

ನೇಣಿಗೆ ಯಾರೂ ಶರಣಾಗಲಾರರು, ಅದು ಆಸರೆ ಅಲ್ಲವಲ್ಲ. ಪತ್ರಿಕೆಗಳು ಆ ಮಾತನ್ನು ಬಿಟ್ಟರೆ ಎಷ್ಟೋ ಒಳ್ಳೆಯದು ಎಂಬುದು ನನ್ನ ಮನಸ್ಸಿನ ಮಾತು.

ಭಾರ ಇಡುವ ಜಾಗ

ಹಳೆಯ ಕಾಲುದಾರಿಗಳ ಪಕ್ಕ ಈಗಲೂ ಅಲ್ಲೊಂದು ಇಲ್ಲೊಂದು ಕಲ್ಲು ಕಾಣುತ್ತದೆ. ಎರಡು ಕಲ್ಲುಕಂಬ ನೆಟ್ಟು ಮೇಲೊಂದು ಚಪ್ಪಡಿ ಹಾಸಿರುತ್ತಾರೆ. ಆಳಿನ ಭುಜದಷ್ಟು ಎತ್ತರ. ತಲೆಹೊರೆ ಹೊತ್ತು ಸಂತೆಗೆ ಹೋಗುವವರು ಇದರ ಮೇಲೆ ಹೊರೆ ಇಳಿಸಿ, ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಿದ್ದರು. ಹೊರೆಯನ್ನು ನೆಲದ ಮೇಲೆ ಇಡಬಹುದಿತ್ತಲ್ಲ? ಇಡಬಹುದಿತ್ತು. ಆದರೆ ಭಾರವಾದ ಹೊರೆಯನ್ನು ನೆಲದಿಂದ ಎತ್ತಿ ತಲೆ ಮೇಲೆ ಇಟ್ಟುಕೊಳ್ಳಲು ಇನ್ನೊಬ್ಬರ ಕೈ ಬೇಕು. ಒಂಟಿ ದಾರಿಯಲ್ಲಿ ಆ ಕೈ ಎಲ್ಲಿಂದ ಬರಬೇಕು? ಅದಕ್ಕೇ ಯಾರೋ ಪುಣ್ಯಾತ್ಮರು, ಮುಖ ಗೊತ್ತಿಲ್ಲದ ದಾರಿಹೋಕರಿಗಾಗಿ ಈ ಕಲ್ಲು ನೆಡಿಸುತ್ತಿದ್ದರು.

ಶ್ರೀವೈಷ್ಣವ ಸಂಪ್ರದಾಯದಲ್ಲಿ ಶರಣಾಗತಿಗೆ ‘ಭರನ್ಯಾಸ’ ಎಂಬ ಇನ್ನೊಂದು ಹೆಸರಿದೆ. ಭರ ಅಂದರೆ ಭಾರ, ನ್ಯಾಸ ಅಂದರೆ ಇಡುವುದು. ನನ್ನಿಂದ ಹೊರಲು ಆಗದ್ದನ್ನು ಹೊರಬಲ್ಲವನ ಹತ್ತಿರ ಇಡುವುದು. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಆ ಸಂಪ್ರದಾಯದಲ್ಲಿ ಈ ಭಾರ ಅಂದರೆ ಮುಖ್ಯವಾಗಿ ಮೋಕ್ಷದ ಭಾರ. ‘ನನ್ನ ಉದ್ಧಾರವನ್ನು ನಾನೇ ಮಾಡಿಕೊಳ್ಳುತ್ತೇನೆ’ ಎಂಬ ಹೊಣೆಯನ್ನು ಒಮ್ಮೆ ಇಳಿಸಿದರೆ ಮತ್ತೆ ಎತ್ತಿಕೊಳ್ಳುವ ಹಾಗಿಲ್ಲ. ನಾವು ದಿನನಿತ್ಯ ಹೊರುವ ಚಿಂತೆಗಳ ವಿಷಯ ಹಾಗಲ್ಲ. ಬೆಳಿಗ್ಗೆ ಇಳಿಸುತ್ತೇವೆ, ಸಂಜೆಯೊಳಗೆ ಮತ್ತೆ ತಲೆ ಮೇಲೆ ಇರುತ್ತದೆ. ಹಾಗಾಗಿ ನಮಗೆ ಕಲ್ಲು ಒಂದು ಸಾಲದು, ದಾರಿಯುದ್ದಕ್ಕೂ ಬೇಕು.

ಈ ಮಾರ್ಗದ ದೊಡ್ಡ ಹೆಸರು ರಾಮಾನುಜಾಚಾರ್ಯರದ್ದು. ಸಂಪ್ರದಾಯದ ಲೆಕ್ಕದಲ್ಲಿ ಅವರ ಕಾಲ 1017ರಿಂದ 1137. ಹೊಯ್ಸಳರ ನಾಡಿಗೆ ಬಂದು ತೊಣ್ಣೂರು, ಮೇಲುಕೋಟೆಗಳಲ್ಲಿ ವರ್ಷಗಟ್ಟಲೆ ನೆಲೆಸಿದವರು. ಶರಣಾಗತಿಯನ್ನು ಈ ಆಚಾರ್ಯ ಪರಂಪರೆ ಅಷ್ಟು ಎತ್ತಿ ಹಿಡಿದದ್ದಕ್ಕೆ ಒಂದು ಕಾರಣವಿದೆ. ವೇದದಲ್ಲಿ ಹೇಳಿದ ಉಪಾಸನೆಗಳಿಗೆ ವಿದ್ಯೆ ಬೇಕು, ನಿಯಮ ಬೇಕು, ಹುಟ್ಟಿನ ಅರ್ಹತೆಯೂ ಬೇಕು ಎಂಬ ಕಾಲ ಅದು. ಶರಣಾಗತಿಗೆ ಇಂಥ ಜಾತಿ, ಇಂಥ ಹೊತ್ತು, ಇಂಥ ಜಾಗ ಎಂಬ ಕಟ್ಟಿಲ್ಲ. ಬೇಕಾದ ಅರ್ಹತೆ ಒಂದೇ: ‘ನನ್ನಿಂದ ಆಗುತ್ತಿಲ್ಲ’ ಎಂದು ಒಪ್ಪುವುದು. ಮೇಲುಕೋಟೆಯಲ್ಲಿ, ಊರ ಹೊರಗಿಟ್ಟವರನ್ನು ರಾಮಾನುಜರು ‘ತಿರುಕುಲದವರು’, ಅಂದರೆ ಪವಿತ್ರ ಕುಲದವರು ಎಂದು ಕರೆದು ದೇವಸ್ಥಾನದೊಳಗೆ ಬರಮಾಡಿಕೊಂಡರು ಎಂಬ ನೆನಪು ಇವತ್ತಿಗೂ ಜೀವಂತವಾಗಿದೆ. ಆಸರೆ ಅಂದಮೇಲೆ ಬಾಗಿಲು ತೆರೆದಿರಬೇಕಲ್ವಾ?

ಅರ್ಜುನ ಎದ್ದು ನಿಂತ

ಶರಣಾಗತಿ ಅಂದ ಕೂಡಲೇ ಎಲ್ಲರೂ ಹೇಳುವುದು ಗೀತೆಯ 18ನೇ ಅಧ್ಯಾಯದ 66ನೇ ಶ್ಲೋಕ. ‘ಸರ್ವಧರ್ಮಾನ್ ಪರಿತ್ಯಜ್ಯ ಮಾಮೇಕಂ ಶರಣಂ ವ್ರಜ.’ ಎಲ್ಲವನ್ನೂ ಬಿಟ್ಟು ನನ್ನೊಬ್ಬನ ಬಳಿಗೆ ಬಾ. ಶ್ಲೋಕ ಮುಗಿಯುವುದು ‘ಮಾ ಶುಚಃ’ ಎಂದು. ದುಃಖಪಡಬೇಡ. ಯುದ್ಧಭೂಮಿಯಲ್ಲಿ ಕೈ ನಡುಗಿ ಬಿಲ್ಲು ಜಾರಿದವನಿಗೆ ಹೇಳಿದ ಮಾತು ಇದು. ಸಾಂತ್ವನ ಎಂದೇ ಇದನ್ನು ಓದಬೇಕು.

ಆದರೆ ನಾನು ನಿಲ್ಲುವುದು ಇದಕ್ಕಿಂತ ಮೂರು ಶ್ಲೋಕ ಮೊದಲು. 63ನೇ ಶ್ಲೋಕದಲ್ಲಿ ಕೃಷ್ಣ ಹೇಳುತ್ತಾನೆ: ‘ವಿಮೃಶ್ಯೈತದಶೇಷೇಣ ಯಥೇಚ್ಛಸಿ ತಥಾ ಕುರು.’ ಇದನ್ನೆಲ್ಲ ಪೂರ್ತಿ ಯೋಚಿಸು, ಆಮೇಲೆ ನಿನಗೆ ಹೇಗೆ ಅನ್ನಿಸುತ್ತದೋ ಹಾಗೆ ಮಾಡು. ಮೊದಲು ಬಿಡುಗಡೆ ಕೊಟ್ಟು, ಆಮೇಲೆ ಕರೆಯುತ್ತಾನೆ. ಶರಣಾಗತಿ ಅಂದರೆ ಬುದ್ಧಿಯನ್ನು ಅಡವಿಡುವುದು ಎಂದು ಯಾರಾದರೂ ಹೇಳಿದರೆ ಈ ಸಾಲು ತೋರಿಸಿ.

ಕೊನೆಯಲ್ಲಿ ಅರ್ಜುನ ಮಾಡಿದ್ದೇನು? ‘ಕರಿಷ್ಯೇ ವಚನಂ ತವ’, ನೀನು ಹೇಳಿದಂತೆ ಮಾಡುತ್ತೇನೆ ಎಂದ. ಎದ್ದು ನಿಂತ, ಬಿಲ್ಲು ಹಿಡಿದ. ಕೂತವನನ್ನು ಎಬ್ಬಿಸಿದ್ದು ಶರಣಾಗತಿ. ಅರ್ಜುನನ ಮುಂದಿದ್ದ ಕೆಲಸ ಒಂದು ಗುಲಗಂಜಿಯಷ್ಟೂ ಕಡಿಮೆ ಆಗಲಿಲ್ಲ. ಕಡಿಮೆ ಆದದ್ದು ಅದರ ಫಲವನ್ನೆಲ್ಲ ತಾನೇ ಹೊರಬೇಕು ಎಂಬ ಭಾರ.

ಕನ್ನಡದ ಶರಣರು ಇದನ್ನು ಇನ್ನೂ ನೇರವಾಗಿ ಬದುಕಿ ತೋರಿಸಿದರು. 12ನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ನೆಲದ ಮೇಲೆ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ. ಒಂದು ದಿನ ದಿನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ‘ಈಸಕ್ಕಿಯಾಸೆ ನಿಮಗೇಕೆ?’ ಎಂದು ಕೇಳಿ, ಅದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದಳು. ನಾಳೆಯ ಭಯ ಆಕೆಗೆ ಇರಲಿಲ್ಲ. ಹಾಗಂತ ನಾಳೆ ಗಂಡ ಅಕ್ಕಿ ಆಯಲು ಹೋಗುವುದು ಬೇಡ ಎಂದೂ ಆಕೆ ಹೇಳಲಿಲ್ಲ. ‘ಕಾಯಕವೇ ಕೈಲಾಸ’ ಎಂಬ ಮಾತು ಬಂದದ್ದು ಇದೇ ಮಾರಯ್ಯನ ವಚನದಲ್ಲಿ. ಕೆಲಸ ನಿಲ್ಲುವುದಿಲ್ಲ, ಕೂಡಿಡುವ ಭಯ ನಿಲ್ಲುತ್ತದೆ. ಶರಣಾಗತಿಯನ್ನು ಇದಕ್ಕಿಂತ ಸರಳವಾಗಿ ವಿವರಿಸುವುದು ನನಗೆ ಗೊತ್ತಿಲ್ಲ.

ಆರು ಅಂಗಗಳು

‘ಸುಮ್ನೆ ಬಿಟ್ಟುಬಿಡು, ಎಲ್ಲ ಸರಿಹೋಗುತ್ತೆ’ ಎಂದು ನೊಂದವರಿಗೆ ಹೇಳುತ್ತೇವೆ. ಆದರೆ ಬಿಡುವುದು ಹೇಗೆ? ಅದನ್ನು ಯಾರೂ ಹೇಳಿಕೊಡುವುದಿಲ್ಲ. ವಿಷ್ಣುವಿನ ಪೂಜಾವಿಧಿಗಳ ಹಳೆಯ ಶಾಸ್ತ್ರವಾದ ಪಾಂಚರಾತ್ರ ಆಗಮ ಹೇಳಿಕೊಡುತ್ತದೆ. ಶರಣಾಗತಿಗೆ ಆರು ಅಂಗ ಎನ್ನುತ್ತದೆ. ಹೆಸರು ಸಂಸ್ಕೃತದಲ್ಲಿವೆ, ಹೆದರಬೇಡಿ, ವಿಷಯ ಮನೆಯದ್ದೇ.

ಮೊದಲನೆಯದು ಆನುಕೂಲ್ಯ ಸಂಕಲ್ಪ. ದೇವರಿಗೆ ಒಪ್ಪುವುದನ್ನು ಮಾಡುತ್ತೇನೆ ಎಂದು ಗಟ್ಟಿ ಮಾಡಿಕೊಳ್ಳುವುದು. ಎರಡನೆಯದು ಪ್ರಾತಿಕೂಲ್ಯ ವರ್ಜನ. ಒಪ್ಪದ್ದನ್ನು ಬಿಡುವುದು. ಈ ಎರಡರಲ್ಲೇ ಅರ್ಧ ಗೊಂದಲ ಕಳೆಯಿತು ನೋಡಿ. ಶರಣಾಗತಿ ಶುರುವಾಗುವುದೇ ‘ಮಾಡುತ್ತೇನೆ’, ‘ಬಿಡುತ್ತೇನೆ’ ಎಂಬ ಎರಡು ನಿರ್ಧಾರಗಳಿಂದ. ಸೋಮಾರಿಗೆ ಇದು ಆಗುವ ಕೆಲಸವಲ್ಲ.

ಮೂರನೆಯದು ‘ರಕ್ಷಿಷ್ಯತೀತಿ ವಿಶ್ವಾಸ’, ಅಂದರೆ ಕಾಪಾಡುತ್ತಾನೆ ಎಂಬ ನಂಬಿಕೆ. ನಾಲ್ಕನೆಯದು ಗೋಪ್ತೃತ್ವ ವರಣ. ‘ನೀನೇ ನನ್ನನ್ನು ಕಾಪಾಡು’ ಎಂದು ಬಾಯಿಬಿಟ್ಟು ಕೇಳುವುದು. ಇದು ಚಿಕ್ಕದಾಗಿ ಕಾಣುತ್ತದೆ, ಆದರೆ ನಮ್ಮಲ್ಲಿ ಎಷ್ಟೋ ಜನ ಎಡವುವುದು ಇಲ್ಲೇ. ನೆರವು ಕೇಳಲು ನಮಗೆ ಬಾಯಿ ಬರುವುದಿಲ್ಲ. ದೇವರ ಹತ್ತಿರವೂ ಅಷ್ಟೇ, ಪಕ್ಕದ ಮನೆಯವರ ಹತ್ತಿರವೂ ಅಷ್ಟೇ. ಮನೆ ಮಂದಿಗೆಲ್ಲ ಆಸರೆಯಾಗಿ ನಿಂತ ಹಿರಿಮಗ, ಹಿರಿಸೊಸೆಯನ್ನು ಕೇಳಿ ನೋಡಿ. ಎಷ್ಟು ವರ್ಷದಿಂದ ಯಾರ ಮುಂದೆಯೂ ‘ನನಗೆ ಕಷ್ಟ ಆಗ್ತಿದೆ’ ಎಂದಿಲ್ಲವೋ!

ಐದನೆಯದು ಆತ್ಮನಿಕ್ಷೇಪ. ತನ್ನನ್ನೇ ಒಪ್ಪಿಸುವುದು. ನಿಕ್ಷೇಪ ಅಂದರೆ ನಂಬಿಕಸ್ಥರ ಹತ್ತಿರ ಇಟ್ಟ ಒಡವೆ. ಆರನೆಯದು ಕಾರ್ಪಣ್ಯ. ಕನ್ನಡದಲ್ಲಿ ಕೃಪಣ ಅಂದರೆ ಜಿಪುಣ. ಇಲ್ಲಿ ಅರ್ಥ ಬೇರೆ. ನನ್ನ ಹತ್ತಿರ ಬೇರೆ ಉಪಾಯ ಇಲ್ಲ, ನಾನು ಅಸಹಾಯಕ ಎಂದು ಒಪ್ಪಿಕೊಳ್ಳುವುದು ಕಾರ್ಪಣ್ಯ.

ನನ್ನ ಮಟ್ಟಿಗೆ ಒಳಗಿನ ಗಾಯಕ್ಕೆ ಮದ್ದು ಇರುವುದು ಈ ಆರನೆಯದರಲ್ಲಿ. ನಮ್ಮ ಸಂಕಟದಲ್ಲಿ ಅರ್ಧ ನೋವು, ಇನ್ನರ್ಧ ಆ ನೋವನ್ನು ಮುಚ್ಚಿಡುವ ಶ್ರಮ. ಹಬ್ಬದ ದಿನ ನಗುತ್ತಾ ಬಡಿಸಿ, ರಾತ್ರಿ ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳುವವರು ಎಷ್ಟು ಜನ. ದೇವರ ಮುಂದೆ ಕೂತು ‘ನನ್ನ ಕೈಲಿ ಆಗ್ತಿಲ್ಲ’ ಎಂದರೆ ನೋವು ಹೋಗುವುದಿಲ್ಲ. ಮುಚ್ಚಿಡುವ ಶ್ರಮ ಹೋಗುತ್ತದೆ. ಎಷ್ಟೋ ಸಲ ಅಷ್ಟರಿಂದಲೇ ಮಾರನೆಯ ದಿನ ಏಳುವ ಶಕ್ತಿ ಬರುತ್ತದೆ.

ಇನ್ನೂ ಒಂದು ಮಾತು. ಈ ಪಟ್ಟಿಯಲ್ಲಿ ನಂಬಿಕೆ ಆರರಲ್ಲಿ ಒಂದು. ‘ನನಗೆ ಅಷ್ಟು ನಂಬಿಕೆ ಇಲ್ಲ, ಹಾಗಾಗಿ ಶರಣಾಗತಿ ನನಗಲ್ಲ’ ಎನ್ನುವವರಿಗೆ ಹೇಳುತ್ತೇನೆ: ಯಾವ ತುದಿಯಿಂದ ಬೇಕಾದರೂ ಶುರು ಮಾಡಿ. ಕೆಟ್ಟದ್ದೊಂದನ್ನು ಬಿಡುವುದರಿಂದ ಶುರು ಮಾಡಿ, ಇಲ್ಲವೇ ಒಂದು ನಿಜ ಒಪ್ಪಿಕೊಳ್ಳುವುದರಿಂದ. ನಂಬಿಕೆ ಆಮೇಲೆ ಬರಬಹುದು. ಹೊರೆ ಇಳಿಸಿದ ಮೇಲೆಯೇ ಕಲ್ಲು ಗಟ್ಟಿ ಇದೆ ಎಂದು ಗೊತ್ತಾಗುವುದು.

ಕೋತಿಮರಿಯೋ, ಬೆಕ್ಕಿನ ಮರಿಯೋ

ನಮ್ಮ ಪಾಲು ಎಷ್ಟು, ದೇವರ ಪಾಲು ಎಷ್ಟು? ರಾಮಾನುಜರ ನಂತರ ಶ್ರೀವೈಷ್ಣವರಲ್ಲೇ ಈ ಪ್ರಶ್ನೆಗೆ ದೊಡ್ಡ ಚರ್ಚೆ ನಡೆಯಿತು, ಎರಡು ಪಂಗಡಗಳಾದವು. ವಡಗಲೆಯವರು ಕೋತಿಮರಿಯನ್ನು ತೋರಿಸಿದರು. ತಾಯಿ ಕೊಂಬೆಯಿಂದ ಕೊಂಬೆಗೆ ಹಾರುತ್ತಾಳೆ, ಮರಿ ಅವಳ ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿರಬೇಕು. ಹಾರುವುದು ತಾಯಿಯ ಕೆಲಸ, ಹಿಡಿಯುವುದು ಮರಿಯ ಕೆಲಸ. ತೆಂಗಲೆಯವರು ಬೆಕ್ಕನ್ನು ತೋರಿಸಿದರು. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ. ತಾಯಿ ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಗುತ್ತಾಳೆ. ಎದುರಾಡದೆ ಸುಮ್ಮನಿದ್ದರೆ ಸಾಕು.

ಯಾವುದು ಸರಿ? ಪಂಡಿತರ ವಾದಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಬದುಕಿನಲ್ಲಿ ಎರಡೂ ಹೊತ್ತು ಬರುತ್ತವೆ. ಆಪರೇಷನ್‌ಗೆ ಮೊದಲು ಒಳ್ಳೆಯ ಡಾಕ್ಟರನ್ನು ಹುಡುಕಬೇಕು, ದುಡ್ಡು ಹೊಂದಿಸಬೇಕು, ರಕ್ತ ಕೊಡುವವರನ್ನು ಕರೆಯಬೇಕು. ಅದು ಕೋತಿಮರಿಯ ಹೊತ್ತು. ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿ ಕೆಂಪು ದೀಪ ಹತ್ತಿದ ಮೇಲೆ? ಅದು ಬೆಕ್ಕಿನ ಮರಿಯ ಹೊತ್ತು. ನಾವು ಸಾಮಾನ್ಯವಾಗಿ ಅದಲು ಬದಲು ಮಾಡುತ್ತೇವೆ. ಕೈಯಲ್ಲಿ ಕೆಲಸ ಇರುವಾಗ ‘ದೇವರಿಚ್ಛೆ’ ಎಂದು ಕೂರುತ್ತೇವೆ. ಕೈಯಲ್ಲಿ ಏನೂ ಉಳಿಯದಿದ್ದಾಗ ಒದ್ದಾಡುತ್ತೇವೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಜೊತೆಗಾರರು 1988ರಲ್ಲಿ, ನಂಬಿಕೆಯುಳ್ಳ ಜನ ಕಷ್ಟವನ್ನು ಎದುರಿಸುವ ರೀತಿಯನ್ನು ಮೂರಾಗಿ ವಿಂಗಡಿಸಿದರು. ಎಲ್ಲ ನಾನೇ ಎನ್ನುವುದು ಒಂದು. ಎಲ್ಲ ದೇವರೇ, ನಾನು ಕಾಯುತ್ತೇನೆ ಎನ್ನುವುದು ಇನ್ನೊಂದು. ದೇವರೂ ನಾನೂ ಕೂಡಿ ಎನ್ನುವುದು ಮೂರನೆಯದು. ಮೂರನೆಯ ರೀತಿಯವರಲ್ಲಿ ಆತ್ಮವಿಶ್ವಾಸ ಹೆಚ್ಚು ಕಂಡಿತು. ಎರಡನೆಯವರಲ್ಲಿ ಕಡಿಮೆ. ನಮ್ಮ ಕೋತಿಮರಿಯ ಚಿತ್ರ ನೆನಪಾಗದೆ ಇರುವುದಿಲ್ಲ.

ಪಾರ್ಗಮೆಂಟ್ ಅವರ ತಂಡ 2001ರಲ್ಲಿ ಇನ್ನೊಂದು ವಿಷಯವನ್ನೂ ಬರೆಯಿತು. ಆಸ್ಪತ್ರೆ ಸೇರಿದ್ದ, 55 ದಾಟಿದ ಸುಮಾರು 600 ರೋಗಿಗಳನ್ನು ಎರಡು ವರ್ಷ ಗಮನಿಸಿದ್ದರು. ‘ದೇವರು ನನ್ನ ಕೈಬಿಟ್ಟ’, ‘ಇದು ನನಗೆ ಶಿಕ್ಷೆ’ ಎಂದು ಒಳಗೇ ಕೊರಗುತ್ತಿದ್ದವರಲ್ಲಿ ಸಾವಿನ ಅಪಾಯ ಹೆಚ್ಚು ಕಂಡುಬಂತು. ಆದ್ದರಿಂದ ದಯವಿಟ್ಟು, ಕಾಯಿಲೆ ಬಿದ್ದವರ ಮುಂದೆ ‘ಏನು ಪಾಪ ಮಾಡಿದ್ದೆಯೋ’, ‘ಪೂರ್ವಜನ್ಮದ ಕರ್ಮ’ ಎಂಬ ಮಾತು ಆಡಬೇಡಿ. ದಣಿದು ಬಂದವರಿಗೆ ಆಸರೆಯ ಬಾಗಿಲನ್ನೇ ಮುಚ್ಚಿದ ಹಾಗಾಗುತ್ತದೆ.

ಸತ್ಯಾಗಾಲದ ಭಯ

14ನೇ ಶತಮಾನದ ಆಚಾರ್ಯ ವೇದಾಂತ ದೇಶಿಕರ ಕಥೆಯೊಂದು ನನಗೆ ಬಹಳ ಹತ್ತಿರದ್ದು. ಶ್ರೀರಂಗದ ಮೇಲೆ ದಿಲ್ಲಿ ಸುಲ್ತಾನರ ಸೇನೆ ನುಗ್ಗಿದ ಕಾಲ. ಊರು ಹಾಳಾಯಿತು. ದೇಶಿಕರು ಹೆಣಗಳ ನಡುವೆ ಹೆಣದಂತೆ ಮಲಗಿ ಒಂದು ರಾತ್ರಿ ಕಳೆದರು, ಗೆಳೆಯರಾದ ಸುದರ್ಶನ ಸೂರಿಗಳ ಇಬ್ಬರು ಚಿಕ್ಕ ಮಕ್ಕಳನ್ನೂ ಸೂರಿಗಳು ಬರೆದ ತಾಳೆಗರಿಯ ಗ್ರಂಥವನ್ನೂ ಉಳಿಸಿಕೊಂಡು ಹೊರಬಂದರು ಎಂದು ಸಂಪ್ರದಾಯ ಹೇಳುತ್ತದೆ. ಹಾಗೆ ಬಂದವರು ಆಸರೆ ಪಡೆದದ್ದು ನಮ್ಮ ಕೊಳ್ಳೇಗಾಲದ ಹತ್ತಿರದ ಸತ್ಯಾಗಾಲದಲ್ಲಿ.

ಅಲ್ಲಿ ಅವರು ‘ಅಭೀತಿಸ್ತವ’ ರಚಿಸಿದರು ಎನ್ನುತ್ತಾರೆ. ಅಭೀತಿ ಅಂದರೆ ಭಯವಿಲ್ಲದಿರುವುದು. ಶರಣಾಗತಿಯ ಬಗ್ಗೆ ಶಾಸ್ತ್ರ ಬರೆದ ಮಹಾಪಂಡಿತರು ‘ನನ್ನ ಭಯ ತೆಗೆ’ ಎಂದು ಬೇಡಿಕೊಂಡರು. ನಂಬಿಕೆ ಇರುವವನಿಗೆ ಭಯ ಇರಬಾರದು ಎಂದು ನಾವು ಅಂದುಕೊಳ್ಳುತ್ತೇವೆ. ಭಯವಾದರೆ ‘ನನ್ನ ಭಕ್ತಿ ಸಾಲದು’ ಎಂದು ಕುಗ್ಗುತ್ತೇವೆ. ದೇಶಿಕರಿಗೂ ಭಯವಾಗಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ, ಎತ್ತಿ ಕಲ್ಲಿನ ಮೇಲೆ ಇಟ್ಟರು. ಕನಕದಾಸರು ‘ತಲ್ಲಣಿಸದಿರು’ ಎಂದು ತಮ್ಮ ಮನಸ್ಸಿಗೇ ಹೇಳಿಕೊಂಡದ್ದೂ ಮನಸ್ಸು ತಲ್ಲಣಿಸುತ್ತಿದ್ದುದರಿಂದಲೇ ಅಲ್ಲವೇ?

ಒಬ್ಬ ಷೇರು ದಲ್ಲಾಳಿ, ಒಬ್ಬ ಸರ್ಜನ್

ಈಗ ಸ್ವಲ್ಪ ದೂರ ಹೋಗೋಣ. 1935, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಪಟ್ಟಣ. ಬಿಲ್ ವಿಲ್ಸನ್ ನ್ಯೂಯಾರ್ಕಿನ ಷೇರುಪೇಟೆಯಲ್ಲಿದ್ದವರು, ಬಾಬ್ ಸ್ಮಿತ್ ಸರ್ಜನ್. ಇಬ್ಬರೂ ಕುಡಿತದಿಂದ ಬದುಕು ಹಾಳುಮಾಡಿಕೊಂಡಿದ್ದರು. ಇಬ್ಬರೂ ಭೇಟಿಯಾಗಿ ಮಾತಾಡಿದರು, ಒಬ್ಬರಿಗೊಬ್ಬರು ಆಸರೆಯಾದರು. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹಾಗೆ. ಇವತ್ತು ಬೆಂಗಳೂರು ಸೇರಿ ನಮ್ಮ ರಾಜ್ಯದ ಹಲವು ಊರುಗಳಲ್ಲೂ ಅದರ ಸಭೆಗಳು ನಡೆಯುತ್ತವೆ. ಶುಲ್ಕವಿಲ್ಲ, ಹೆಸರು ಹೇಳಬೇಕಿಲ್ಲ.

ಅವರ 12 ಹೆಜ್ಜೆಗಳಲ್ಲಿ ಮೊದಲ ಮೂರನ್ನು ನೋಡಿ. ಕುಡಿತದ ಮುಂದೆ ನಮ್ಮ ಶಕ್ತಿ ನಡೆಯುತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಮೊದಲನೆಯದು. ನಮಗಿಂತ ದೊಡ್ಡದೊಂದು ಶಕ್ತಿ ನಮ್ಮನ್ನು ಸರಿಮಾಡಬಲ್ಲದು ಎಂದು ನಂಬುವುದು ಎರಡನೆಯದು. ನಮ್ಮ ಬದುಕನ್ನು ಆ ದೇವರ ಕೈಗೆ ಒಪ್ಪಿಸಲು ನಿರ್ಧರಿಸುವುದು ಮೂರನೆಯದು. ಕಾರ್ಪಣ್ಯ, ವಿಶ್ವಾಸ, ಆತ್ಮನಿಕ್ಷೇಪ! ಪಾಂಚರಾತ್ರದ ಹೆಸರನ್ನೇ ಕೇಳಿರದ ಜನ ಅದೇ ಮೆಟ್ಟಿಲುಗಳನ್ನು ಹತ್ತಿದರು. ಯಾವ ದೇವರು ಎಂದು ಅವರು ಕಟ್ಟು ಹಾಕಲಿಲ್ಲ. ‘ನಾವು ಅರ್ಥ ಮಾಡಿಕೊಂಡ ಹಾಗಿನ ದೇವರು’ ಎಂದು ಬರೆದರು.

ಈ ಸಂಘವನ್ನು ಹತ್ತಿರದಿಂದ ನೋಡಿದ ಮನೋವೈದ್ಯ ಹ್ಯಾರಿ ಟೀಬೌಟ್ ಒಂದು ಸೂಕ್ಷ್ಮ ವ್ಯತ್ಯಾಸ ಗುರುತಿಸಿದರು. ಕೆಲವರು ಡಾಕ್ಟರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ‘ಆಯ್ತು ಡಾಕ್ಟ್ರೇ, ಬಿಡ್ತೀನಿ’ ಅನ್ನುತ್ತಾರೆ. ಒಳಗೊಂದು ಧ್ವನಿ ‘ನನಗೆ ಅಂಥದ್ದೇನೂ ಆಗಿಲ್ಲ’ ಅನ್ನುತ್ತಲೇ ಇರುತ್ತದೆ. ಇದು ಬರೀ ಒಪ್ಪಿದಂತೆ ನಡೆಯುವುದು. ಶರಣಾಗತಿಯಲ್ಲಿ ಆ ಒಳಗಿನ ಜಗಳ ನಿಲ್ಲುತ್ತದೆ. ಮನೆಯಲ್ಲಿ ಕುಡಿಯುವವರು ಇರುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ನೂರು ಸಲ ಆಣೆ ಮಾಡುವುದು ಬೇರೆ, ಒಂದು ಸಲ ‘ನನಗೆ ಸಹಾಯ ಬೇಕು’ ಎನ್ನುವುದು ಬೇರೆ.

ಇದು ಕೆಲಸ ಮಾಡುತ್ತದೆಯೇ? 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಮಾಡಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿತು. ಜನರನ್ನು ಕ್ರಮವಾಗಿ ಈ ಸಂಘದ ದಾರಿಗೆ ತರುವ ಚಿಕಿತ್ಸೆಗಳು, ಪೂರ್ತಿ ಕುಡಿತ ಬಿಟ್ಟಿರುವ ವಿಷಯದಲ್ಲಿ ಬೇರೆ ಪ್ರಚಲಿತ ಚಿಕಿತ್ಸೆಗಳಿಗಿಂತ ಮುಂದಿದ್ದವು. ಎಲ್ಲ ಶ್ರೇಯಸ್ಸೂ ಶರಣಾಗತಿಗೇ ಎಂದು ನಾನು ಹೇಳಲಾರೆ. ಕುಡಿಯುವ ಗೆಳೆಯರ ಜಾಗಕ್ಕೆ ಕುಡಿತ ಬಿಟ್ಟ ಗೆಳೆಯರು ಬರುತ್ತಾರೆ, ಅದರ ಪಾಲು ದೊಡ್ಡದು. ಶರಣರ ಅನುಭವ ಮಂಟಪ, ಭಜನೆಯ ಗುಂಪು, ಚರ್ಚಿನ ಪ್ರಾರ್ಥನಾ ಕೂಟ ಇವೆಲ್ಲ ಇರುವುದೂ ಅದಕ್ಕೇ. ಒಬ್ಬರೇ ಹೊರೆ ಇಳಿಸುವುದು ಕಷ್ಟ.

ಒಂದು ಮುಖ್ಯ ವಿಷಯ. ದಿನವೂ ಜಾಸ್ತಿ ಕುಡಿಯುವವರು ದೇವರ ಮೇಲೆ ಭಾರ ಹಾಕಿ ಒಮ್ಮೆಲೇ ನಿಲ್ಲಿಸುವುದು ಅಪಾಯ. ಫಿಟ್ಸ್ ಬರಬಹುದು, ಬುದ್ಧಿಭ್ರಮಣೆ ಆಗಬಹುದು, ಜೀವಕ್ಕೂ ಕುತ್ತಾಗಬಹುದು. ವೈದ್ಯರ ನಿಗಾ ಬೇಕೇ ಬೇಕು.

ಆಸರೆ ಅಲ್ಲದ ಜಾಗಗಳು

ಶರಣಾಗತಿಯ ಹೆಸರಿನಲ್ಲಿ ಮೋಸವೂ ನಡೆಯುತ್ತದೆ. ‘ಗುರುವಿಗೆ ಪೂರ್ತಿ ಶರಣಾಗು’ ಎಂದು ದುಡ್ಡು, ಆಸ್ತಿ, ದೇಹ ಕೇಳುವವರಿದ್ದಾರೆ. ಪರೀಕ್ಷೆ ಸುಲಭ. ಕೃಷ್ಣ ‘ಯೋಚಿಸು, ಆಮೇಲೆ ನಿನಗೆ ಬೇಕಾದಂತೆ ಮಾಡು’ ಎಂದ. ನಿಮ್ಮ ಮುಂದಿರುವವರು ನಿಮಗೆ ಯೋಚಿಸಲು ಬಿಡುತ್ತಾರೆಯೇ? ಮನೆಯವರ ಜೊತೆ ಮಾತಾಡಲು ಬಿಡುತ್ತಾರೆಯೇ? ಬೇಡ ಎಂದು ಎದ್ದು ಬರಲು ಬಿಡುತ್ತಾರೆಯೇ? ಇಲ್ಲ ಅಂದರೆ ಅಲ್ಲಿಂದ ಹೊರಡಿ.

ಹೊಡೆಯುವ ಗಂಡನ ಜೊತೆ ಬದುಕುತ್ತಿರುವ ಹೆಣ್ಣುಮಕ್ಕಳಿಗೆ ‘ದೇವರ ಮೇಲೆ ಭಾರ ಹಾಕಿ ಸಹಿಸಿಕೋ’ ಎಂದು ಹೇಳುವುದುಂಟು. ಶರಣಾಗತಿಯ ಅತ್ಯಂತ ಪ್ರಸಿದ್ಧ ಕಥೆ ಯಾವುದು ಎಂದು ನೆನಪಿಸಿಕೊಳ್ಳಿ. ವಿಭೀಷಣನದ್ದು. ಅವನು ಮೊದಲು ಮಾಡಿದ ಕೆಲಸ ಏನು? ಅಣ್ಣನಿಗೆ ಬುದ್ಧಿ ಹೇಳಿದ, ಅವಮಾನವಾದಾಗ ಆ ಮನೆ ಬಿಟ್ಟು ಹೊರಟ. ಸುಗ್ರೀವನಿಗೆ ಅನುಮಾನ ಬಂದರೂ, ರಾಮ ಹೇಳಿದ್ದು: ಒಂದೇ ಒಂದು ಸಲ ‘ನಾನು ನಿನ್ನವನು’ ಎಂದು ಬಂದವರಿಗೂ ಅಭಯ ಕೊಡುತ್ತೇನೆ, ಇದು ನನ್ನ ವ್ರತ. ಅನ್ಯಾಯದ ಮನೆಯಿಂದ ಹೊರಗೆ ಬಂದದ್ದೇ ಆ ಶರಣಾಗತಿಯ ಮೊದಲ ಹೆಜ್ಜೆ.

ಹಾಗೆಯೇ, ಮನಸ್ಸಿನ ಕಾಯಿಲೆಗೆ ಕೊಟ್ಟ ಮಾತ್ರೆ ಬಿಡುವುದು ಶರಣಾಗತಿ ಅಲ್ಲ. ಖಿನ್ನತೆ ಭಕ್ತಿಯ ಕೊರತೆಯಿಂದ ಬರುವುದಲ್ಲ. ಬದುಕು ಬೇಡ ಅನ್ನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ-ಮಾನಸ್ ಸಹಾಯವಾಣಿ ಅದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹಾಗೆ ಕರೆ ಮಾಡುವುದೂ ಆಸರೆಗೆ ಬರುವುದೇ.

ಮುಡಿಪು

ಹರಕೆಗೂ ಶರಣಾಗತಿಗೂ ಏನು ವ್ಯತ್ಯಾಸ ಎಂದು ಕೆಲವರು ಕೇಳುತ್ತಾರೆ. ಹರಕೆಯಲ್ಲಿ ಒಂದು ಕರಾರು ಇದೆ. ‘ಮಗನಿಗೆ ಕೆಲಸ ಸಿಕ್ಕರೆ ಮುಡಿ ಕೊಡ್ತೀನಿ.’ ನಾನು ಅದನ್ನು ಕೀಳು ಎನ್ನುವುದಿಲ್ಲ. ದೇವರ ಹತ್ತಿರ ವ್ಯವಹಾರ ಇಟ್ಟುಕೊಳ್ಳಲೂ ಸಲಿಗೆ ಬೇಕು. ಶರಣಾಗತಿಯಲ್ಲಿ ‘ಆದರೆ’, ‘ಸಿಕ್ಕರೆ’ ಎಂಬ ಮಾತು ಬಿದ್ದುಹೋಗುತ್ತದೆ. ಹೋಮದಲ್ಲಿ ಆಹುತಿ ಹಾಕುವಾಗ ಹೇಳುವ ‘ಇದಂ ನ ಮಮ’, ಪೂಜೆ ಮುಗಿಸುವಾಗ ಹೇಳುವ ‘ಕೃಷ್ಣಾರ್ಪಣಮಸ್ತು’ ಎರಡೂ ಇದರ ದಿನದಿನದ ಅಭ್ಯಾಸವೇ. ಇದು ನನ್ನದಲ್ಲ, ನಿನಗೆ ಸೇರಿದ್ದು. ನಾವು ಬಾಯಿಪಾಠವಾಗಿ ಹೇಳಿ ಮುಂದೆ ಹೋಗುತ್ತೇವೆ. ಒಂದು ದಿನ, ಕಾಡುತ್ತಿರುವ ಚಿಂತೆಯೊಂದನ್ನು ಕೈಯಲ್ಲಿ ಹಿಡಿದ ಹಾಗೆ ಮನಸ್ಸಿಗೆ ತಂದುಕೊಂಡು, ನಿಧಾನವಾಗಿ ಹೇಳಿ ನೋಡಿ. ಆಮೇಲೆ ಆ ದಿನ ನಿಮ್ಮ ಕೈಯಲ್ಲಿರುವ ಒಂದು ಕೆಲಸ ಮಾಡಿ. ಫೋನ್ ಮಾಡುವುದೋ, ಅರ್ಜಿ ಹಾಕುವುದೋ, ಪಾತ್ರೆ ತೊಳೆಯುವುದೋ. ಚಿಂತೆ ಮತ್ತೆ ಬರುತ್ತದೆ. ಮತ್ತೆ ಇಳಿಸಿ.

ಈ ವ್ಯತ್ಯಾಸ ನನಗೆ ಅರ್ಥವಾದದ್ದು ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ. ಅಪ್ಪ ಐಸಿಯುನಲ್ಲಿದ್ದರು. ರಾತ್ರಿ ಹನ್ನೊಂದರ ಹೊತ್ತಿಗೆ ಡಾಕ್ಟರ್ ಹೊರಗೆ ಬಂದು, ‘ನಮ್ಮ ಕೈಲಾದ್ದು ಮಾಡಿದ್ದೀವಿ, ಬೆಳಗಿನ ತನಕ ಕಾಯೋಣ’ ಎಂದರು. ನಾನು ಬೆಂಚಿನ ಮೇಲೆ ಕೂತು ಫೋನಿನಲ್ಲಿ ರಿಪೋರ್ಟಿನ ಒಂದೊಂದು ಅಂಕಿಯನ್ನೂ ಹುಡುಕುತ್ತಿದ್ದೆ. ಅಮ್ಮ ಬ್ಯಾಗಿನಿಂದ ಅರಿಸಿನ ಹಚ್ಚಿದ ಚಿಕ್ಕ ಬಟ್ಟೆ ತೆಗೆದು ಒಂದು ರೂಪಾಯಿ ನಾಣ್ಯ ಇಟ್ಟು ಮುಡಿಪು ಕಟ್ಟಿದಳು. ಗಂಟು ಹಾಕಿ ಕಣ್ಣಿಗೆ ಒತ್ತಿಕೊಂಡಳು.

‘ಏನಂತ ಹರಕೆ ಹೊತ್ತೆ?’ ಎಂದು ಕೇಳಿದೆ.

‘ಹರಕೆ ಏನಿಲ್ಲ ಕಣೋ. ನನ್ನ ಕೈಲಿ ಹೊರೋಕೆ ಆಗ್ತಿಲ್ಲ ಅಂದೆ. ಅವನ ಹತ್ರ ಇಟ್ಟೆ.’

ಆಮೇಲೆ ಸೆರಗು ಹೊದ್ದು ಬೆಂಚಿನ ಮೇಲೇ ಕಾಲು ಮುದುಡಿ ಮಲಗಿದಳು. ‘ಆರಕ್ಕೆ ಎಬ್ಬಿಸು. ಡಾಕ್ಟರ್ ಬರೋ ಹೊತ್ತಿಗೆ ಮುಖ ತೊಳೆದಿರ್ಬೇಕು. ಸ್ಕ್ಯಾನ್ ಫೈಲು ನನ್ನ ಬ್ಯಾಗಲ್ಲಿದೆ, ಬೆಳಿಗ್ಗೆ ಕೇಳ್ತಾರೆ’ ಎಂದಳು. ಎರಡು ನಿಮಿಷದಲ್ಲಿ ನಿದ್ದೆ ಬಂತು. ಬೆಳಿಗ್ಗೆ ಏನಾಗುತ್ತದೋ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ನಾನು ಫೋನ್ ಆರಿಸಿ ಅವಳ ತಲೆಯ ಹತ್ತಿರ ಕೂತೆ. ಆರಕ್ಕೆ ಎಬ್ಬಿಸಿದೆ.